ಡಬ್ಬಿಯ ತಳದ ಹುಳ ಮತ್ತು ನಕಾಶೆಯ ತಪ್ಪು

ಕಳೆದ ವಾರ ಅಡುಗೆಮನೆಯ ಹಳೇ ಧನಿಯಾ ಡಬ್ಬಿ ತೊಳೆಯಲು ತೆಗೆದರೆ ತಳದಲ್ಲೊಂದು ಹುಳ. ಎರಡು-ಮೂರು ಮಿಲಿಮೀಟರ್ ಇರಬಹುದು. ಗುಂಡಗಿನ ಹೊಟ್ಟೆ, ಉದ್ದ ಕಾಲು, ಎಣ್ಣೆ ಹಚ್ಚಿದಂಥ ಕೆಂಗಂದು ಹೊಳಪು. "ಜೇಡದ ಮರಿ ಕಣೋ, ಆಚೆ ಹಾಕು" ಅಂದ್ರು ಅಮ್ಮ. ಎಣಿಸಿದೆ. ಕಾಲು ಆರೇ! ಕಾಲಿನಂತೆ ಕಂಡ ಇನ್ನೆರಡು ಮೀಸೆಗಳು. ಹಾಗಾಗಿ ಇದು ಜೇಡವಲ್ಲ, ಜೇಡದಂತೆ ಕಾಣುವ ಜೀರುಂಡೆ. ಕುಲ ಗಿಬ್ಬಿಯಮ್.

ಇದಕ್ಕೆ ಹಾರಲು ಬರಲ್ಲ. ಆದರೂ ಊರೂರು ಸುತ್ತಿದೆ, ಯಾಕಂದ್ರೆ ಧಾನ್ಯ, ಮಸಾಲೆ, ಉಣ್ಣೆ, ಸತ್ತ ಕೀಟ, ಏನು ಸಿಕ್ಕರೂ ತಿನ್ನುತ್ತೆ. ನಮ್ಮ ಮೂಟೆಗಳೇ ಅದರ ವಾಹನ. ಈಜಿಪ್ಟಿನ ಟುಟಂಖಾಮನ್ ಗೋರಿಯ ಜಾಡಿಗಳಲ್ಲೂ ಈ ಕುಲದ ಹುಳಗಳು ಸಿಕ್ಕಿವೆ.

ಸರಿ, ಯಾವ ಪ್ರಭೇದ? ಕತೆ ಇರೋದೇ ಇಲ್ಲಿ. ದಶಕಗಳ ಕಾಲ ಗೋದಾಮು ಕೀಟಗಳ ಬರಹಗಳಲ್ಲಿ 'ಗಿಬ್ಬಿಯಮ್ ಸಿಲಾಯ್ಡಿಸ್' ಅನ್ನೋ ಹೆಸರೇ ಓಡಾಡುತ್ತಿತ್ತು, ಜಗತ್ತಿನ ತುಂಬ ಇರುವ ಹುಳ ಎಂದು. 1985ರಲ್ಲಿ ಬೆಲೆಸ್ ಮತ್ತು ಹಾಲ್‌ಸ್ಟೆಡ್ ಎಂಬ ಇಬ್ಬರು ಕೀಟತಜ್ಞರು ಇವುಗಳ ಗುರುತು ಮತ್ತು ಹರವಿನ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಒಂದೇ ಹೆಸರಿನಡಿ ಎರಡು ಪ್ರಭೇದಗಳು ಸೇರಿಹೋಗಿದ್ದವು. ಜಗತ್ತು ಸುತ್ತಿದ್ದು ಬಹುಪಾಲು ಇನ್ನೊಂದು, 'ಗಿಬ್ಬಿಯಮ್ ಈಕ್ವಿನೋಕ್ಷಿಯಾಲೆ'. ಸಿಲಾಯ್ಡಿಸ್‌ನ ಹರವು ಮುಖ್ಯವಾಗಿ ಮೆಡಿಟರೇನಿಯನ್ ಸುತ್ತಮುತ್ತ. ತಮಾಷೆ ಅಂದ್ರೆ ಎರಡನೆಯದಕ್ಕೆ 19ನೇ ಶತಮಾನದಲ್ಲೇ ಹೆಸರಿಟ್ಟಾಗಿತ್ತು. ಬಳಸುವವರು ಇರಲಿಲ್ಲ ಅಷ್ಟೆ.

ಎಂಜಿನಿಯರಿಂಗ್ ಓದಿದವನಿಗೆ ಇದು ಚೆನ್ನಾಗಿ ಗೊತ್ತಿರೋ ರೋಗ: ಇಬ್ಬರು ಬಳಕೆದಾರರಿಗೆ ಒಂದೇ ಐಡಿ. ಪ್ರತಿ ಎಂಟ್ರಿಯಲ್ಲೂ ಊರು ಸರಿ, ದಿನಾಂಕ ಸರಿ, ಆದರೂ ಕೂಡಿಸಿ ಬರೆದ ನಕಾಶೆ ಸುಳ್ಳು. ಚುಕ್ಕೆ ಜಾಸ್ತಿಯಾದಷ್ಟೂ ಸುಳ್ಳು ಗಟ್ಟಿಯಾಗುತ್ತೆ.

ಹಾಗಾದ್ರೆ ತಪ್ಪು ತಿದ್ದಲು ಆಗಿದ್ದು ಹೇಗೆ? ಹಳೆಯ ಹುಳಗಳನ್ನು ಸೂಜಿಗೆ ಚುಚ್ಚಿ, ಚೀಟಿ ಅಂಟಿಸಿ, ಮ್ಯೂಸಿಯಂ ಡ್ರಾಯರ್‌ಗಳಲ್ಲಿ ಇಟ್ಟಿದ್ದರು. ಹೆಸರು ತಪ್ಪಿದ್ದರೂ ಹುಳ ಇತ್ತು, ಮತ್ತೆ ತೆಗೆದು ನೋಡಬಹುದಿತ್ತು. ಜನನಾಂಗದಂಥ ಸೂಕ್ಷ್ಮ ಭಾಗಗಳನ್ನು ಬಿಡಿಸಿ ನೋಡುವ ಕೆಲಸ ಇದು, ಮೊಬೈಲ್ ಫೋಟೋದಲ್ಲಿ ನಡೆಯಲ್ಲ. ನಾವು ಡೇಟಾ ಬಹಿರಂಗ ಮಾಡಿ ಅಂತ ಕೂಗ್ತೀವಿ, ಸರಿಯೇ. ಆ ಡ್ರಾಯರ್‌ಗಳಿಗೆ ನುಸಿಗುಳಿಗೆ ಹಾಕುವವರ ಸಂಬಳದ ಬಗ್ಗೆ ಕೂಗಿದ್ದು ನನಗಂತೂ ನೆನಪಿಲ್ಲ.

ನನ್ನ ಹುಳ ಈಗ ಪುಟ್ಟ ಬಾಟಲಿಯಲ್ಲಿದೆ. ಚೀಟಿಯಲ್ಲಿ ಊರು, ದಿನಾಂಕ, 'ಧನಿಯಾ ಡಬ್ಬಿ' ಅಂತ ಬರೆದಿದ್ದೇನೆ. ಪ್ರಭೇದದ ಜಾಗ ಖಾಲಿ ಬಿಟ್ಟಿದ್ದೇನೆ.