ಸೈಲೆನ್ಸರಿನ ಸದ್ದು, ಕಾರ್ಬುರೇಟರಿನ ಲೆಕ್ಕ

ಬೀದಿಯ ತಿರುವಿನಲ್ಲಿ ಮೋಟಾರ್ ಸೈಕಲ್ ಕಾಣಿಸಿಕೊಳ್ಳುವ ಮೊದಲೇ ಸದ್ದು ಕೇಳಿ ಅದರ ಹೆಸರು ಹೇಳಬಲ್ಲವರು ಇಂದಿಗೂ ಇದ್ದಾರೆ. ಬುಲೆಟ್ಟಿನ ಗುಡುಗು ಬೇರೆ, ಯಜ್ಡಿಯ ಗುಟುರು ಬೇರೆ, ಆರ್‌ಎಕ್ಸ್ 100ರ ಕಿರುಚು ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೂ ಈ ಹಳೆಯ ಗಾಡಿಗಳನ್ನು ಹುಡುಕಿ ತಂದು, ಬಣ್ಣ ಬಳಿಸಿ, ಓಡಿಸುವ ಯುವಕರ ಸಂಖ್ಯೆ ಕಡಿಮೆಯಾಗಿಲ್ಲ. ಗಾಡಿ ಕೈಗೆ ಬಂದೊಡನೆ ಹಲವರು ಮಾಡಿಸುವ ಮೊದಲ ಕೆಲಸ ಒಂದೇ: ಕಾರ್ಖಾನೆಯವರು ಕೊಟ್ಟ ಸೈಲೆನ್ಸರ್ ಕಳಚಿ ಬೇರೊಂದನ್ನು ಹಾಕಿಸುವುದು, ಇಲ್ಲವೇ ಅದರೊಳಗಿನ ಬ್ಯಾಫಲ್ ತೆಗೆಸಿಬಿಡುವುದು.

ಸದ್ದು ಜೋರಾಗುತ್ತದೆ. ಗಾಡಿಗೆ ಹೊಸ ಶಕ್ತಿ ಬಂದಂತೆ ತೋರುತ್ತದೆ. ಒಂದೆರಡು ವಾರ ಕಳೆದ ಮೇಲೆ ಪಿಕಪ್ ಕುಗ್ಗುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಾಕಿ ಸಿಡಿದಂತೆ ಶಬ್ದ ಬರುತ್ತದೆ, ಎಂಜಿನ್ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಕೆಲವೊಮ್ಮೆ ಹೆದ್ದಾರಿಯ ಮಧ್ಯದಲ್ಲಿ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ‘ಎಂಜಿನ್ ಸೀಜ್’ ಎನ್ನುವುದು ಇದನ್ನೇ. ಹಿಂದಿನ ತುದಿಯಲ್ಲಿರುವ ಒಂದು ಕೊಳವೆ ಬದಲಾಯಿಸಿದ್ದಕ್ಕೆ ಎಂಜಿನ್ನಿನ ಎದೆಯೇ ಏಕೆ ಕಟ್ಟಬೇಕು?

ಉತ್ತರ ಸರಳವಾಗಿದೆ. ಎಂಜಿನ್ ಉಸಿರಾಡುವ ಯಂತ್ರ. ಕಾರ್ಬುರೇಟರ್ ಅದು ಉಸಿರು ಎಳೆದುಕೊಳ್ಳುವ ದಾರಿ, ಸೈಲೆನ್ಸರ್ ಉಸಿರು ಬಿಡುವ ದಾರಿ. ಒಂದರ ಅಳತೆ ಬದಲಾಯಿಸಿದವರು ಇನ್ನೊಂದರ ಲೆಕ್ಕವನ್ನೂ ತಿದ್ದಬೇಕು.

ಹಿತ್ತಾಳೆಯ ಪುಟ್ಟ ತೂತು

ಪೆಟ್ರೋಲ್ ಉರಿಯಲು ಗಾಳಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಗಾಳಿ ಬೇಕು ಎಂಬುದು ಮಾತ್ರ ಅಚ್ಚರಿ ಹುಟ್ಟಿಸುವ ಸಂಗತಿ. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹೆಚ್ಚಿನ ಶಕ್ತಿ ಬೇಕಾದಾಗ ಗಾಳಿಯ ಪಾಲು 12.5ರಿಂದ 13ಕ್ಕೆ ಇಳಿಯಬೇಕು, ಅಂದರೆ ಪೆಟ್ರೋಲ್ ತುಸು ಹೆಚ್ಚಾಗಬೇಕು. ಆಗ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತ ಸಿಲಿಂಡರಿನ ಒಳಭಾಗವನ್ನು ತಂಪಾಗಿಯೂ ಇಡುತ್ತದೆ.

ಈ ಪ್ರಮಾಣ ಕಾಯುವ ಹೊಣೆ ಕಾರ್ಬುರೇಟರಿನದು. ಅದರ ನಡುವಿನ ಗಾಳಿಯ ದಾರಿ ಒಂದೆಡೆ ಇಕ್ಕಟ್ಟಾಗಿರುತ್ತದೆ. ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. 18ನೇ ಶತಮಾನದಲ್ಲಿ ಬರ್ನೌಲಿ ಮತ್ತು ವೆಂಚುರಿ ಎಂಬ ವಿದ್ವಾಂಸರು ನೀರಿನ ಹರಿವಿನಲ್ಲಿ ಕಂಡುಕೊಂಡ ತತ್ವವಿದು. ಒತ್ತಡ ಕುಗ್ಗಿದ ಆ ಜಾಗಕ್ಕೆ ಕೆಳಗಿನ ಬಟ್ಟಲಿನಿಂದ ಪೆಟ್ರೋಲ್ ತಾನಾಗಿ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. ಎಷ್ಟು ಚಿಮ್ಮಬೇಕು ಎಂಬುದನ್ನು ನಿಗದಿ ಮಾಡುವುದೇ ಜೆಟ್. ಇದು ಬೆರಳ ತುದಿಯಲ್ಲಿ ಹಿಡಿಯುವಷ್ಟು ಚಿಕ್ಕದಾದ, ನಟ್ಟನಡುವೆ ಕೂದಲೆಳೆಯ ನಿಖರತೆಯಲ್ಲಿ ಕೊರೆದ ತೂತಿರುವ ಹಿತ್ತಾಳೆಯ ತುಂಡು.

ಹಳೆಯ ಮಾದರಿಯ ಕಾರ್ಬುರೇಟರಿನಲ್ಲಿ ಕೆಲಸ ಹಂಚಿಹೋಗಿರುತ್ತದೆ. ಸ್ಲೋ ಸ್ಪೀಡಿನಲ್ಲಿ ನಿಂತಾಗ ಮತ್ತು ಆಕ್ಸಿಲರೇಟರ್ ಆಗಷ್ಟೇ ತಿರುಗಿದಾಗ ಪೈಲಟ್ ಜೆಟ್ ಪೆಟ್ರೋಲ್ ಒದಗಿಸುತ್ತದೆ. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಮೇಲೆ ಕೆಳಗೆ ಸರಿಯುವ ಸೂಜಿಯದೇ ಕಾರುಬಾರು. ಅದರಾಚೆ ಮೇನ್ ಜೆಟ್ಟಿನ ಆಳ್ವಿಕೆ. ಪೇಟೆಯಲ್ಲಿ ಸಲೀಸಾಗಿ ಓಡುವ ಗಾಡಿ ಹೆದ್ದಾರಿಯಲ್ಲಿ ಏಕೆ ಕೈಕೊಡುತ್ತದೆ ಎಂಬುದಕ್ಕೆ ಕಾರಣ ಈ ಹಂಚಿಕೆಯಲ್ಲೇ ಇದೆ. ಪೇಟೆಯ ಓಡಾಟದಲ್ಲಿ ಮೇನ್ ಜೆಟ್ಟಿಗೆ ಬಹುಪಾಲು ಕೆಲಸವೇ ಇರುವುದಿಲ್ಲ.

ಜೆಟ್ಟಿನ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಕೆಲವು ತಯಾರಕರಲ್ಲಿ ಅದು ತೂತಿನ ಅಳತೆ, ಇನ್ನು ಕೆಲವರಲ್ಲಿ ನಿಗದಿತ ಸಮಯದಲ್ಲಿ ಹರಿಯುವ ಇಂಧನದ ಪ್ರಮಾಣ. ಆದ್ದರಿಂದ ಒಂದು ಕಂಪನಿಯ 100ಕ್ಕೆ ಇನ್ನೊಂದು ಕಂಪನಿಯ 100 ಸಮವಲ್ಲ. ಸಂಖ್ಯೆಯ ಸಣ್ಣ ವ್ಯತ್ಯಾಸವೂ ಸಣ್ಣದಲ್ಲ. ತೂತಿನ ವ್ಯಾಸ 1 ಮಿ.ಮೀ.ನಿಂದ 1.05 ಮಿ.ಮೀ.ಗೆ ಏರಿದರೆ ವ್ಯಾಸ ಹೆಚ್ಚುವುದು ಶೇ 5ರಷ್ಟು, ವಿಸ್ತೀರ್ಣ ಹೆಚ್ಚುವುದು ಶೇ 10ರಷ್ಟು. ತೂತಿಗೆ ತಂತಿ ತೂರಿಸಿ ಉಜ್ಜುವುದರಿಂದ ಆಗುವ ಹಾನಿ ಎಷ್ಟೆಂಬುದನ್ನು ಇದರಿಂದಲೇ ಊಹಿಸಬಹುದು.

ಹಿಂದಕ್ಕೆ ತಳ್ಳುವ ಕೊಳವೆ

ಸೈಲೆನ್ಸರ್ ಎಂದರೆ ಶಕ್ತಿಗೆ ಅಡ್ಡ ನಿಂತಿರುವ ಬಿರಡೆ, ಅದನ್ನು ತೆಗೆದರೆ ಎಂಜಿನ್ ಸ್ವತಂತ್ರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಟೂ ಸ್ಟ್ರೋಕ್ ಎಂಜಿನ್ನಿನ ಮಟ್ಟಿಗಂತೂ ಸತ್ಯ ಇದಕ್ಕೆ ತೀರಾ ವಿರುದ್ಧ.

ಯಜ್ಡಿ, ಆರ್‌ಎಕ್ಸ್ 100ರಂಥ ಗಾಡಿಗಳ ಎಂಜಿನ್ನಿನಲ್ಲಿ ಬುಲೆಟ್ಟಿನಲ್ಲಿರುವಂಥ ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ ತಾನೇ ತೆರೆದು ಮುಚ್ಚುತ್ತದೆ. ಹೊಗೆ ಹೊರಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಮಿಶ್ರಣ ಒಳನುಗ್ಗುತ್ತದೆ. ಅದು ಹೊಗೆಯನ್ನು ತಳ್ಳುವುದರ ಜತೆಗೆ ತಾನೂ ಸ್ವಲ್ಪ ಹೊರಕ್ಕೆ ಜಾರುತ್ತದೆ. ಬೆಂಕಿ ಕಾಣದ ಪೆಟ್ರೋಲ್ ಹೀಗೆ ವ್ಯರ್ಥವಾಗುತ್ತದೆ. ಅದನ್ನು ತಡೆಯುವುದು ಕೊಳವೆಯ ಆಕಾರ. ಹೊಗೆಯೊಡನೆ ಹೊರಟ ಒತ್ತಡದ ಅಲೆ ಕೊಳವೆ ಅಗಲವಾಗುವಲ್ಲಿ ಸೆಳೆತವಾಗಿ ಹಿಂತಿರುಗಿ ಉಳಿದ ಹೊಗೆಯನ್ನು ಎಳೆಯುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗುವಲ್ಲಿ ಅದೇ ಅಲೆ ತಳ್ಳುವ ಒತ್ತಡವಾಗಿ ಮರಳಿ, ಹೊರಗೆ ಜಾರಿದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಮೊದಲೇ ಒಳಕ್ಕೆ ನೂಕುತ್ತದೆ. ಕಾಣದ ಅಲೆಯೊಂದು ಬಾಗಿಲು ಕಾಯುವ ಕೆಲಸ ಮಾಡುತ್ತದೆ.

ಈ ವಿದ್ಯೆಯನ್ನು ಪಕ್ವಗೊಳಿಸಿದವರು ಆಗಿನ ಪೂರ್ವ ಜರ್ಮನಿಯ ಎಂ.ಝಡ್. ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್. ಹಣವೂ ಸಾಮಗ್ರಿಯೂ ಸಾಲದ ಆ ಕಾರ್ಖಾನೆಯಲ್ಲಿ ಕಾಡೆನ್ 1961ರ ಹೊತ್ತಿಗೆ ಕೇವಲ 125 ಸಿ.ಸಿ.ಯ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿ ಹೊರಡಿಸಿದ್ದರು. ಅದರ ಎರಡರಷ್ಟು ಗಾತ್ರದ, 250 ಸಿ.ಸಿ.ಯ ಯಜ್ಡಿ ರೋಡ್‌ಕಿಂಗ್‌ನ ಶಕ್ತಿ ಸುಮಾರು 16 ಅಶ್ವಶಕ್ತಿ ಮಾತ್ರ ಎಂಬುದನ್ನು ನೆನೆದರೆ ಆ ಸಾಧನೆಯ ಅಳತೆ ತಿಳಿಯುತ್ತದೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಮರುತಿಂಗಳು ಸ್ವೀಡನ್ನಿನಲ್ಲಿ ರೇಸ್. ವಿಶ್ವ ಪ್ರಶಸ್ತಿಯ ಹೊಸ್ತಿಲಲ್ಲಿದ್ದ ಎಂ.ಝಡ್. ಸವಾರ ಅರ್ನ್ಸ್ಟ್ ಡೆಗ್ನರ್‌ನ ಎಂಜಿನ್ ಅಂದು ಕೆಟ್ಟಿತು. ರೇಸ್ ಮುಗಿದ ಮೇಲೆ ಆತ ತನ್ನ ತಂಡದ ಕಣ್ಣು ತಪ್ಪಿಸಿ ಪಶ್ಚಿಮಕ್ಕೆ ಪರಾರಿಯಾದ. ಕಾಡೆನ್ ವಿದ್ಯೆಯ ಗುಟ್ಟು ಆತನೊಡನೆ ಜಪಾನಿನ ಸುಜುಕಿ ಕಂಪನಿಗೆ ಹೋಯಿತು. 1962ರಲ್ಲಿ ಸುಜುಕಿಯ 50 ಸಿ.ಸಿ. ಗಾಡಿಯಲ್ಲಿ ಡೆಗ್ನರ್ ವಿಶ್ವ ಚಾಂಪಿಯನ್ ಆದ. ಬಳಿಕ ಜಪಾನಿನ ಟೂ ಸ್ಟ್ರೋಕ್ ಗಾಡಿಗಳು ಜಗತ್ತನ್ನೇ ಆವರಿಸಿದವು. 1985ರಲ್ಲಿ ಭಾರತದ ರಸ್ತೆಗಿಳಿದ ಆರ್‌ಎಕ್ಸ್ 100 ಸಹ ಆ ಸಂತತಿಗೇ ಸೇರಿದ್ದು. ಒಬ್ಬ ಮನುಷ್ಯ ದೇಶ ಬಿಟ್ಟು ಓಡಿಹೋಗುವಷ್ಟು ಬೆಲೆಬಾಳುತ್ತಿದ್ದ ಗುಟ್ಟು ಅಡಗಿದ್ದುದು ಕೊಳವೆಯ ಆಕಾರದಲ್ಲಿ. ಲೆಕ್ಕವಿಲ್ಲದೆ ಆ ಕೊಳವೆಯನ್ನು ಕತ್ತರಿಸುವವರು ಸದ್ದನ್ನು ಪಡೆದು ಶಕ್ತಿಯನ್ನು ಕಳೆದುಕೊಳ್ಳುತ್ತಾರೆ.

ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್‌ಗಳ ಕಾವಲಿರುವುದರಿಂದ ಕೊಳವೆಯ ಪ್ರಭಾವ ಇಷ್ಟು ತೀವ್ರವಲ್ಲ. ಸರಿಯಾಗಿ ರೂಪಿಸಿದ ಹೊಸ ಸೈಲೆನ್ಸರ್ ಕೆಲವು ವೇಗಗಳಲ್ಲಿ ನಿಜಕ್ಕೂ ಉಸಿರಾಟವನ್ನು ಸಲೀಸು ಮಾಡುತ್ತದೆ. ಆದರೆ ಒಳಗೆ ಹೋಗುವ ಗಾಳಿಯ ಪ್ರಮಾಣ ಬದಲಾದಾಗ ಜೆಟ್ಟಿನ ಲೆಕ್ಕ ಅಲ್ಲಿಯೂ ತಪ್ಪುತ್ತದೆ.

ಬಡಕಲು ಮಿಶ್ರಣದ ಅಪಾಯ

ಗಾಳಿ ಹೆಚ್ಚಾದರೆ ಸೆಳೆತವೂ ಹೆಚ್ಚಿ ಪೆಟ್ರೋಲ್ ತಾನಾಗಿಯೇ ಹೆಚ್ಚು ಬರಬೇಕಲ್ಲ ಎಂದು ಯಾರಾದರೂ ಕೇಳಬಹುದು. ಸ್ವಲ್ಪ ಮಟ್ಟಿಗೆ ಬರುತ್ತದೆ. ಆದರೆ ಜೆಟ್, ಸೂಜಿಗಳ ಅಳತೆಯನ್ನು ಕಾರ್ಖಾನೆಯವರು ನಿಗದಿ ಮಾಡಿರುವುದು ತಮ್ಮದೇ ಸೈಲೆನ್ಸರ್ ಮತ್ತು ತಮ್ಮದೇ ಏರ್ ಫಿಲ್ಟರ್ ಇಟ್ಟುಕೊಂಡು. ಹೊಸ ಸೈಲೆನ್ಸರಿನ ಜತೆಗೆ ಬಾಯಿ ತೆರೆದ ಏರ್ ಫಿಲ್ಟರನ್ನೂ ಹಾಕಿಸಿದರೆ ಗಾಳಿಯ ಹಾದಿಯ ತಡೆ ಕಡಿಮೆಯಾಗಿ ಜೆಟ್ಟಿನ ಮೇಲಿನ ಸೆಳೆತವೇ ಕುಗ್ಗುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಗ್ಯಾರೇಜಿನವರು ಇದನ್ನು ‘ಲೀನ್’ ಎನ್ನುತ್ತಾರೆ. ಬಡಕಲು ಮಿಶ್ರಣ ಎನ್ನಲಡ್ಡಿಯಿಲ್ಲ.

ಬಡಕಲು ಮಿಶ್ರಣ ಮೆಲ್ಲಗೆ ಉರಿಯುತ್ತದೆ, ಒಳಭಾಗವನ್ನು ತಂಪಾಗಿಸುವ ಹೆಚ್ಚುವರಿ ಪೆಟ್ರೋಲ್ ಅದರಲ್ಲಿಲ್ಲ. ಯಜ್ಡಿಯಂಥ ಗಾಡಿಗೆ ಅಪಾಯ ಎರಡು ಪಟ್ಟು. ಅದರ ಪಿಸ್ಟನ್ನಿಗೆ ಬೇಕಾದ ಎಣ್ಣೆ ಬರುವುದೇ ಪೆಟ್ರೋಲಿನಲ್ಲಿ ಬೆರೆತು. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾದಂತೆಯೇ. ಕಾವು ಹೆಚ್ಚಿ, ಎಣ್ಣೆ ಕುಗ್ಗಿ, ಹಿಗ್ಗಿದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೈಲೇಜಿನ ಆಸೆಗೆ ಚಿಕ್ಕ ಜೆಟ್ ಹಾಕಿಸಿಕೊಳ್ಳುವವರು ಉಳಿಸುವ ಪೆಟ್ರೋಲಿನ ಬೆಲೆ ಹೊಸ ಪಿಸ್ಟನ್ನಿನ ಬೆಲೆಯ ಮುಂದೆ ಯಾವ ಲೆಕ್ಕಕ್ಕೂ ಇಲ್ಲ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇ 8ರಿಂದ 9ರಷ್ಟು ತೆಳು. ಬೆಂಗಳೂರಿನಲ್ಲಿ ಅಂಚಿನಲ್ಲಿ ನಿಲ್ಲುವಂತೆ ಟ್ಯೂನ್ ಮಾಡಿದ ಗಾಡಿ ಶಿರಾಡಿ ಘಟ್ಟ ಇಳಿದು ಕರಾವಳಿಯ ದಟ್ಟ ಗಾಳಿ ಸೇರಿದೊಡನೆ ಮತ್ತಷ್ಟು ಬಡಕಲಾಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡೇ ಗೇರಿನಲ್ಲಿ ಇಳಿಯುವ ಟೂ ಸ್ಟ್ರೋಕ್ ಸವಾರ ನಡುನಡುವೆ ಒಮ್ಮೆ ಅದನ್ನು ತಿರುಗಿಸಬೇಕು ಎಂದು ಹಳಬರು ಹೇಳುತ್ತಿದ್ದುದೂ ಎಣ್ಣೆಯ ಕಾರಣಕ್ಕಾಗಿಯೇ.

ಪ್ಲಗ್ ಓದುವ ವಿದ್ಯೆ

ಹಾಗಾದರೆ ಹೊಸ ಸೈಲೆನ್ಸರಿಗೆ ತಕ್ಕ ಜೆಟ್ ಯಾವುದೆಂದು ತಿಳಿಯುವುದು ಹೇಗೆ? ಬಲ್ಲ ಮೆಕ್ಯಾನಿಕ್ ಮೊದಲು ಜೆಟ್ ಮುಟ್ಟುವುದೇ ಇಲ್ಲ. ಫಿಲ್ಟರ್ ಸ್ವಚ್ಛವಾಗಿದೆಯೇ, ಜೋಡಣೆಗಳಲ್ಲಿ ಗಾಳಿ ಸೋರುತ್ತಿದೆಯೇ, ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಸರಿಯಿದೆಯೇ, ಕಿಡಿ ಹೊತ್ತುವ ಕ್ಷಣ ಸರಿಯಿದೆಯೇ ಎಂದು ನೋಡುತ್ತಾನೆ. ಸೋರುವ ಗ್ಯಾಸ್ಕೆಟ್ಟಿನ ತಪ್ಪನ್ನು ಜೆಟ್ಟಿನಿಂದ ಮುಚ್ಚಿಹಾಕಲು ಹೊರಟರೆ ಕೊನೆಯೇ ಇರುವುದಿಲ್ಲ.

ಆಮೇಲೆ ಮೇನ್ ಜೆಟ್. ನಿಯಮ ಒಂದೇ: ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು. ಪೆಟ್ರೋಲ್ ಹೆಚ್ಚಾದರೆ ಗಾಡಿ ಹೊಗೆಯುಗುಳಿ ಮಂಕಾಗುತ್ತದೆ, ಅಷ್ಟೆ. ಕಡಿಮೆಯಾದರೆ ಎಂಜಿನ್ನೇ ಹೋಗುತ್ತದೆ. ತಪ್ಪುವುದಾದರೆ ಹೆಚ್ಚಿನ ಕಡೆಗೇ ತಪ್ಪಲಿ ಎಂಬುದು ಇದರ ಅರ್ಥ. ಗಾಡಿಯನ್ನು ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಅದೇ ಓಟದಲ್ಲಿ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡುತ್ತಾರೆ. ಪ್ಲಗ್ಗಿನ ಬಿಳಿಯ ಪಿಂಗಾಣಿ ಭಾಗಕ್ಕೆ ತಿಳಿಗಂದು ಬಣ್ಣ ಬಂದಿದ್ದರೆ ಮಿಶ್ರಣ ಸರಿಯಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಬೂದಿ ಬಳಿದಂತೆ ಬೆಳ್ಳಗಿದ್ದರೆ ಕಡಿಮೆ. ದೇಶದಲ್ಲಿ 2000ದಿಂದ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಈ ಬಣ್ಣ ಮಸುಕಾಗಿದೆ. ಆದ್ದರಿಂದ ಪಿಂಗಾಣಿಯ ಬುಡದ ಉಂಗುರವನ್ನು ಬೆಳಕಿಗೆ ಹಿಡಿದು ನೋಡಬೇಕಾಗುತ್ತದೆ.

ಮೇನ್ ಜೆಟ್ ಕೂತ ಮೇಲೆ ಸೂಜಿಯನ್ನು ಒಂದು ಹಲ್ಲು ಏರಿಸಿಯೋ ಇಳಿಸಿಯೋ ನಡುವೇಗವನ್ನು, ಕಡೆಗೆ ಪೈಲಟ್ ಜೆಟ್ ಮತ್ತು ಗಾಳಿಯ ತಿರುಪಿನಿಂದ ಸ್ಲೋ ಸ್ಪೀಡನ್ನು ಹದಗೊಳಿಸುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡುವ ಅಭ್ಯಾಸ ಇವೆರಡೇ ಈ ಕೆಲಸದ ಗುಟ್ಟು.

ಸದ್ದಿಗೆ ತೆರುವ ಬೆಲೆ

ಇದಿಷ್ಟು ಎಂಜಿನ್ನಿನ ವಿಚಾರವಾಯಿತು. ಬೀದಿಯಲ್ಲಿರುವವರ ಕಿವಿಯ ವಿಚಾರ ಬೇರೆ. 175 ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನ ತಯಾರಾಗುವಾಗ ಅದರ ಸದ್ದು 80 ಡೆಸಿಬಲ್ ಮೀರಬಾರದು, 80ರಿಂದ 175 ಸಿ.ಸಿ.ವರೆಗಿನದಕ್ಕೆ 77 ಡೆಸಿಬಲ್ ಮಿತಿ. ಡೆಸಿಬಲ್ ಲೆಕ್ಕ ರೂಪಾಯಿ ಲೆಕ್ಕದಂತಲ್ಲ. 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. ಬ್ಯಾಫಲ್ ಇಲ್ಲದ ಸೈಲೆನ್ಸರ್ ನಡುರಾತ್ರಿ ಹಾದುಹೋದಾಗ ಎಚ್ಚರವಾಗುವ ಹಸುಗೂಸು, ಬೆಚ್ಚುವ ರೋಗಿ ಈ ಗಣಿತಕ್ಕೆ ಸಾಕ್ಷಿ.

ಕಾನೂನೂ ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಾಯಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ ಶಬ್ದ ಹಾಗೂ ವಾಯುಮಾಲಿನ್ಯದ ನಿಯಮ ಮೀರಿದ ಮೊದಲ ತಪ್ಪಿಗೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ರಸ್ತೆಯಲ್ಲಿ ಸಾಲಾಗಿ ಹಾಸಿ ಪೊಲೀಸರು ಅವುಗಳ ಮೇಲೆ ರೋಡ್ ರೋಲರ್ ಓಡಿಸಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿವೆ. ಹಾಗೆಂದು ಹೊರಗಿನ ಸೈಲೆನ್ಸರ್ ಎಲ್ಲವೂ ಕೆಟ್ಟದ್ದಲ್ಲ. ಮೂಲದ್ದು ತುಕ್ಕು ಹಿಡಿದು ಹೋದ, ಕಾರ್ಖಾನೆಯೇ ಮುಚ್ಚಿಹೋದ ಗಾಡಿಗೆ ಬೇರೆಯವರು ತಯಾರಿಸಿದ ಸೈಲೆನ್ಸರೇ ಗತಿ. ಅದು ಮೂಲದ ಆಕಾರ, ಮೂಲದ ಬ್ಯಾಫಲ್, ಮೂಲದ ಸದ್ದಿಗೆ ಎಷ್ಟು ಹತ್ತಿರವೋ ಅಷ್ಟು ಎಂಜಿನ್ನಿಗೂ ಕ್ಷೇಮ, ಮಾಲೀಕನಿಗೂ ಕ್ಷೇಮ.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಹೊಸ ಮೋಟಾರ್ ಸೈಕಲ್‌ಗಳಿಂದ ಕಾರ್ಬುರೇಟರ್ ಮರೆಯಾಗಿದೆ. ಈಗ ಗಾಳಿ-ಪೆಟ್ರೋಲಿನ ಲೆಕ್ಕ ಹಾಕುವುದು ಕಂಪ್ಯೂಟರಿನ ಕೆಲಸ. ಹೊಗೆಯ ಕೊಳವೆಯಲ್ಲೇ ಕೂತ ಸೆನ್ಸರ್ ಅದಕ್ಕೆ ಕ್ಷಣಕ್ಷಣದ ವರದಿ ಒಪ್ಪಿಸುತ್ತದೆ. ಹೊರಹೋಗುವುದನ್ನು ನೋಡಿ ಒಳಬರುವುದನ್ನು ತಿದ್ದುವ ಆ ಉಪಾಯ ಹೊಸದೇನಲ್ಲ. ಎಣ್ಣೆ ಮೆತ್ತಿದ ಕೈಯಲ್ಲಿ ಬಿಸಿ ಪ್ಲಗ್ ಹಿಡಿದು ಬಣ್ಣ ನೋಡುತ್ತಿದ್ದ ಗ್ಯಾರೇಜಿನ ಮೇಸ್ತ್ರಿ ಮಾಡುತ್ತಿದ್ದುದೂ ಅದನ್ನೇ. ಹಳೆಯ ಗಾಡಿಗಳು ಓಡುವಷ್ಟು ದಿನ ಅಂಥ ಕಣ್ಣು, ಅಂಥ ಕಿವಿ ಬೇಕೇ ಬೇಕು. ಎಂಜಿನ್ ಹದವಾಗಿದೆಯೇ ಎಂದು ತಿಳಿಯಲು ಆ ಮೇಸ್ತ್ರಿ ಸದ್ದಿನ ಜೋರನ್ನು ಲೆಕ್ಕಕ್ಕಿಡುವುದಿಲ್ಲ. ಅದು ಏರುಪೇರಿಲ್ಲದೆ ಒಂದೇ ಸಮನೆ ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳುತ್ತಾನೆ.