ನೀರುನಾಯಿಯ ಕೋಟು, ಕಬ್ಬಿಣದ ಬೋನು



ನಮ್ಮ ಉದಗಾಂವ ಕಡೆ ಮಳೆಗಾಲ ಬಂತೆಂದರೆ ನದಿದಂಡೆಯ ಮನೆಗಳಲ್ಲಿ ಒಂದು ಕೆಲಸ ಇದ್ದೇ ಇರುತ್ತದೆ. ಮಹಾಪೂರ ಬಂದೀತು ಅಂತ ಕೆಳಗಿನ ಸಾಮಾನೆಲ್ಲ ಅಟ್ಟಕ್ಕೆ ಏರಿಸುವುದು. 2005, 2019, 2021 ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಸಾಮಾನು ಏರಿಸುವಾಗ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬನಿಗೆ ಅಟ್ಟದ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ವಸ್ತು ಸಿಕ್ಕಿತು. ಮರುದಿನ ಗೋಣಿಚೀಲದಲ್ಲಿ ಹಾಕಿಕೊಂಡು ಶಾಲೆಗೆ ತಂದ.

"ಸರ್, ಇದು ಇಲಿ ಬೋನ್ ಏನ್ರಿ? ಇಷ್ಟ್ ದೊಡ್ಡ ಇಲಿ ಎಲ್ಲಿರ್ತೈತ್ರಿ?"

ಇಲಿಯದ್ದಲ್ಲ. ಎರಡು ಕಬ್ಬಿಣದ ದವಡೆ, ನಡುವೆ ಒಂದು ತಟ್ಟೆ, ಪಕ್ಕದಲ್ಲಿ ಬಾಗಿದ ಸ್ಪ್ರಿಂಗ್ ಪಟ್ಟಿ, ತುದಿಗೆ ಸರಪಳಿ. ಇದಕ್ಕೆ ಜಾ ಟ್ರ್ಯಾಪ್ ಅನ್ನುತ್ತಾರೆ, ನಾವು ದವಡೆ ಬೋನು ಅನ್ನೋಣ. ಹುಡುಗ ಮನೆಗೆ ಹೋಗಿ ಅಜ್ಜನನ್ನು ಕೇಳಿ ಬಂದ. ಬಹಳ ವರ್ಷದ ಹಿಂದೆ ದಂಡೆಯ ಮೇಲೆ ನಾಲ್ಕು ದಿನ ಬಿಡಾರ ಹೂಡಿದ್ದವರು ಬಿಟ್ಟು ಹೋದದ್ದಂತೆ. "ಪಾಣಮಾಂಜರ ಹಿಡಿಯೋ ಸಾಮಾನು" ಅಂದರಂತೆ ಅಜ್ಜ.

ಪಾಣಮಾಂಜರ ಅಂದರೆ ಮರಾಠಿಯಲ್ಲಿ ನೀರಿನ ಬೆಕ್ಕು. ಅದೇ ಪ್ರಾಣಿಗೆ ಕನ್ನಡದಲ್ಲಿ ನಾವು ನೀರುನಾಯಿ ಅನ್ನುತ್ತೇವೆ. ಗಡಿಯಲ್ಲಿರುವ ನಮಗೆ ಒಂದೇ ಪ್ರಾಣಿ ಮನೆಯಲ್ಲಿ ನಾಯಿ, ಸಂತೆಯಲ್ಲಿ ಬೆಕ್ಕು! ನಿಜವಾಗಿ ಅದು ಎರಡೂ ಅಲ್ಲ. ತರಕರಡಿ, ಮಾರ್ಟೆನ್ ಇವೆಲ್ಲ ಸೇರಿದ ಮಸ್ಟೆಲಿಡೇ ಎಂಬ ಕುಟುಂಬದ್ದು.

ಅವತ್ತು "ಕೆಲಸ ಮತ್ತು ಶಕ್ತಿ" ಪಾಠ ನಡೆದಿತ್ತು. ನಾನು ಆ ಬೋನನ್ನೇ ಪಾಠ ಮಾಡಿಕೊಂಡೆ. ಸ್ಪ್ರಿಂಗ್ ಪಟ್ಟಿಯನ್ನು ಕಾಲಿನಿಂದ ತುಳಿದು ದವಡೆ ಬಿಡಿಸಿ, ಕೊಂಡಿ ಸಿಕ್ಕಿಸಿದೆ. (ಇದನ್ನು ನೀವು ಎಂದೂ ಮಾಡಕೂಡದು. ಇಂಥದ್ದು ಎಲ್ಲಿ ಸಿಕ್ಕರೂ ಮುಟ್ಟದೆ ದೊಡ್ಡವರಿಗೆ ಹೇಳಿ.) ಆಮೇಲೆ ದೂರದಿಂದ ಒಂದು ಕಬ್ಬಿನ ತುಂಡನ್ನು ತಟ್ಟೆಯ ಮೇಲೆ ಒತ್ತಿದೆ. ಟಪ್! ಕಬ್ಬಿನ ಸಿಪ್ಪೆ ಸೀಳಿ ರಸ ಹೊರಗೆ ಬಂತು. ತರಗತಿ ಒಂದು ಕ್ಷಣ ಗಪ್‌ಚಿಪ್.

ಲೆಕ್ಕ ನೋಡೋಣ. ಪಟ್ಟಿಯನ್ನು ಪೂರ್ತಿ ಬಗ್ಗಿಸಲು ಕೊನೆಯಲ್ಲಿ 400 ನ್ಯೂಟನ್ ಬಲ ಬೇಕಾಯಿತು, ಅಂದರೆ ಸುಮಾರು 40 ಕಿಲೊ ಭಾರ ಹೇರಿದಷ್ಟು, ಮತ್ತು ಅದು 5 ಸೆಂ.ಮೀ. ಬಾಗಿತು ಎಂದಿಟ್ಟುಕೊಳ್ಳಿ. ಅದರಲ್ಲಿ ಕೂಡಿಟ್ಟ ಪ್ರಚ್ಛನ್ನ ಶಕ್ತಿ ½ × 400 × 0.05 = 10 ಜೂಲ್. ಒಂದು ಕಿಲೊ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಇಷ್ಟೇನಾ ಅನಿಸಬಹುದು. ಆದರೆ ಆ ಶಕ್ತಿಯೆಲ್ಲ ಕಣ್ಣು ಮಿಟುಕಿಸುವುದರೊಳಗೆ, ಎರಡು ಕಿರಿದಾದ ಅಂಚುಗಳ ಮೇಲೆ ಬೀಳುತ್ತದೆ. ಬಲ ಅಷ್ಟೇ ಇದ್ದು ಕ್ಷೇತ್ರಫಲ ಕಡಿಮೆಯಾದರೆ ಒತ್ತಡ ಏರುತ್ತದೆ ಎಂದು ಕಲಿತಿದ್ದೀರಲ್ಲ? ಅಲ್ಲಿ ಕಬ್ಬಿನ ಬದಲು ಏಳೆಂಟು ಕಿಲೊ ತೂಕದ ಪ್ರಾಣಿಯ ಗಿಡ್ಡ ಕಾಲು ಇದ್ದರೆ ಏನಾಗುತ್ತದೆಂದು ನಾನು ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ.

ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಬೇರೆ ಪ್ರಶ್ನೆ ಕೇಳಿದಳು. "ಅದನ್ನ ಯಾಕ್ ಹಿಡೀತಿದ್ರು ಸರ್? ತಿನ್ನಾಕೇನ್ರಿ?"

ಉತ್ತರ ಅದರ ಕೋಟಿನಲ್ಲಿದೆ.

ಭಾರತದಲ್ಲಿ ಮೂರು ಜಾತಿಯ ನೀರುನಾಯಿಗಳಿವೆ. ನಮ್ಮ ಬಯಲುಸೀಮೆಯ ದೊಡ್ಡ ನದಿಗಳಲ್ಲಿ ಇರುವುದು ನುಣುಪು ತುಪ್ಪಳದ ನೀರುನಾಯಿ. ಪಶ್ಚಿಮ ಘಟ್ಟದ ತಣ್ಣನೆ ಹಳ್ಳಗಳಲ್ಲಿ ಚಿಕ್ಕ ಉಗುರಿನ ಸಣ್ಣ ಜಾತಿ ಇದೆ. ಮೂರನೆಯದು ಯುರೇಷಿಯಾದ ನೀರುನಾಯಿ. ಮೂರೂ ದಿನದ ಬಹಳ ಹೊತ್ತು ನೀರಿನಲ್ಲಿ ಕಳೆಯುವ ಬಿಸಿರಕ್ತದ ಪ್ರಾಣಿಗಳು. ಇಲ್ಲೇ ಒಂದು ತೊಡಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಅದಕ್ಕೇ 20 ಡಿಗ್ರಿ ಗಾಳಿಯಲ್ಲಿ ಆರಾಮಾಗಿ ಕೂಡುವ ನಾವು 20 ಡಿಗ್ರಿ ನೀರಿಗಿಳಿದರೆ ಗಡಗಡ ನಡುಗುತ್ತೇವೆ. ತಿಮಿಂಗಿಲಕ್ಕೆ ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರವಿದೆ. ನೀರುನಾಯಿಗೆ ಅದಿಲ್ಲ. ಹಾಗಾದರೆ ಮೈ ಬೆಚ್ಚಗೆ ಇಟ್ಟುಕೊಳ್ಳುವುದು ಹೇಗೆ?

ಅದರ ಮೈಮೇಲೆ ಎರಡು ಪದರ ಕೂದಲಿದೆ. ಮೇಲೆ ಉದ್ದನೆಯ, ಒರಟಾದ, ನೀರನ್ನು ಜಾರಿಸುವ ಕೂದಲು. ಕೆಳಗೆ ಹತ್ತಿಯಂತೆ ಮೆತ್ತಗಿನ, ಬಹಳ ದಟ್ಟವಾದ ತುಪ್ಪಳ. ಈ ತುಪ್ಪಳದ ನಡುವೆ ಗಾಳಿ ಸಿಕ್ಕಿಕೊಂಡು ಹೊರಗೆ ಹೋಗದೆ ನಿಲ್ಲುತ್ತದೆ. ಅಂದರೆ ನೀರುನಾಯಿ ಮುಳುಗಿದಾಗಲೂ ಅದರ ಚರ್ಮಕ್ಕೆ ನೀರು ತಾಗುವುದಿಲ್ಲ, ಗಾಳಿಯ ಕೋಟು ತೊಟ್ಟುಕೊಂಡೇ ಮುಳುಗುತ್ತದೆ. ನೀವೇ ನೋಡಬಹುದು. ಒಂದು ಕೈಗೆ ಬರಿ ಪ್ಲಾಸ್ಟಿಕ್ ಚೀಲ, ಇನ್ನೊಂದು ಕೈಗೆ ಒಳಗೆ ಹತ್ತಿ ತುಂಬಿದ ಚೀಲ ಕಟ್ಟಿಕೊಂಡು, ಒಳಗೆ ನೀರು ಹೋಗದ ಹಾಗೆ ಎರಡನ್ನೂ ಮಂಜುಗಡ್ಡೆ ಹಾಕಿದ ಬಕೆಟ್ಟಿನಲ್ಲಿ ಇಳಿಸಿ. ಯಾವ ಕೈ ಮೊದಲು ಮೇಲೆ ಬರುತ್ತದೋ ನೋಡಿ. ಬೆಚ್ಚಗಿಟ್ಟದ್ದು ಹತ್ತಿಯಷ್ಟೇ ಅಲ್ಲ, ಹತ್ತಿ ಹಿಡಿದಿಟ್ಟ ಗಾಳಿ.

ಈ ಕೋಟೇ ಅದಕ್ಕೆ ಮುಳುವಾಯಿತು. ಚಳಿ ದೇಶಗಳಲ್ಲಿ ಇಂಥ ತೊಗಲಿಗೆ ಬೆಲೆ ಬಂತು. ನಮ್ಮ ದೇಶದ ನದಿಗಳಲ್ಲಿ ಹಿಡಿದ ನೀರುನಾಯಿಗಳ ತೊಗಲು ಕಳ್ಳದಾರಿಯಲ್ಲಿ ಹಿಮಾಲಯ ದಾಟುತ್ತಿತ್ತು. ಟಿಬೆಟ್ಟಿನ ಸಾಂಪ್ರದಾಯಿಕ ನಿಲುವಂಗಿಯ ಅಂಚಿಗೆ ಅದನ್ನು ಹೊಲಿಯುತ್ತಿದ್ದರು. ಈ ಕತೆಯಲ್ಲಿ ನಮ್ಮ ಕೃಷ್ಣೆಗೂ ಒಂದು ಪಾತ್ರವಿದೆ. 2006ರ ಜನವರಿಯಲ್ಲಿ, ಇದೇ ಕೃಷ್ಣಾ ನದಿಯ ದಂಡೆಯ ಮೇಲಿರುವ ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಸಮಾರಂಭ ನಡೆಯಿತು. ಅಲ್ಲಿ ದಲೈ ಲಾಮಾ ಅವರು ಕಾಡುಪ್ರಾಣಿಗಳ ತೊಗಲು ತೊಡಬೇಡಿ ಎಂದು ತಮ್ಮವರಿಗೆ ಹೇಳಿದರು. ಅದಾದ ಕೆಲವೇ ವಾರಗಳಲ್ಲಿ ಟಿಬೆಟ್ಟಿನಲ್ಲಿ ಜನ ದುಬಾರಿ ತೊಗಲಿನ ಉಡುಪುಗಳನ್ನು ತಂದು ಬೆಂಕಿಗೆ ಹಾಕಿದರು. ಕೊಳ್ಳುವವರು ಕಡಿಮೆಯಾದರೆ ಬೋನು ಇಡುವವರೂ ಕಡಿಮೆಯಾಗುತ್ತಾರೆ.

ಇನ್ನು ಹಿಡಿಯುವ ವಿಷಯ. ಹೊಳಪಿನ ಕಣ್ಣು, ಚುರುಕು ಮೂಗು, ನೀರಿನಲ್ಲಿ ಮಿಂಚು. ಇಂಥ ಪ್ರಾಣಿ ಬೋನಿಗೆ ಸಿಗುವುದಾದರೂ ಹೇಗೆ? ಇಲಿಗೆ ಭಜಿ ತುಂಡು ಇಟ್ಟ ಹಾಗೆ ಇದಕ್ಕೆ ಮೀನಿಟ್ಟರೆ ಸಾಮಾನ್ಯವಾಗಿ ಬಾರದು. ತಾಜಾ ಮೀನನ್ನು ತಾನೇ ಹಿಡಿದು ತಿನ್ನುವ ಪ್ರಾಣಿಗೆ ಸತ್ತ ಮೀನು ಯಾಕೆ ಬೇಕು? ಕುತ್ತಿಗೆಗೆ ಉರುಲು ಹಾಕೋಣವೆಂದರೆ ಅದರ ಕುತ್ತಿಗೆ ತಲೆಯಷ್ಟೇ ದಪ್ಪ, ಉರುಲು ಜಾರಿ ಬರುತ್ತದೆ. ಬೇಟೆಗಾರರಿಗೆ ಒದಗಿದ್ದು ಕಬ್ಬಿಣಕ್ಕಿಂತ ಹೆಚ್ಚಾಗಿ ಆ ಪ್ರಾಣಿಯ ರೂಢಿ. ನೀರುನಾಯಿಗಳು ಕುಟುಂಬವಾಗಿ ಬಾಳುತ್ತವೆ, ನೀರಿನಿಂದ ದಂಡೆಗೆ ಹತ್ತಲು ನಿಗದಿತ ಜಾಗಗಳಿವೆ, ಮತ್ತೆ ಮತ್ತೆ ಒಂದೇ ಕಡೆ ಮಲ ಹಾಕುತ್ತವೆ. ಆ ಮಲ ಅವುಗಳಿಗೆ ಪತ್ರಪೆಟ್ಟಿಗೆ ಇದ್ದಂತೆ. ಯಾರು ಬಂದಿದ್ದರು, ಯಾವಾಗ ಬಂದಿದ್ದರು ಎಂಬುದೆಲ್ಲ ವಾಸನೆಯಲ್ಲೇ ಓದುತ್ತವೆ. ಇದನ್ನು ಬಲ್ಲವನಿಗೆ ಆಮಿಷವೇ ಬೇಡ.

ಸಿಕ್ಕಿಬಿದ್ದ ಪ್ರಾಣಿ ಸರಪಳಿ ಕಚ್ಚಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ. ನೀರಿನೊಳಗೆ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಮುಳುಗಿ ಸಾಯುತ್ತದೆ. ಅದೂ ಶ್ವಾಸಕೋಶದಿಂದಲೇ ಉಸಿರಾಡುವ ಪ್ರಾಣಿ ಅಲ್ಲವೇ. ಮೀನಿಗೆ ಹಾಕಿದ ಬಲೆಯಲ್ಲಿ ತಪ್ಪಿ ಸಿಕ್ಕಿದ್ದಕ್ಕೂ ಅದೇ ಗತಿ.

ಬೋನು ಯಾವಾಗಲೂ ಕೊಲ್ಲುವುದಕ್ಕೇ ಇರಬೇಕೆಂದಿಲ್ಲ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ತೊಗಲಿನ ಬೇಟೆಯಿಂದ ನೀರುನಾಯಿಗಳು ಹೆಚ್ಚುಕಡಿಮೆ ಅಳಿದುಹೋಗಿದ್ದವು. 1982ರಿಂದ 1992ರವರೆಗೆ, ಮುಖ್ಯವಾಗಿ ಲೂಸಿಯಾನಾದ ಜವುಗು ನೆಲದಲ್ಲಿ ಜೀವಂತ ಹಿಡಿದು ತಂದ 845 ನೀರುನಾಯಿಗಳನ್ನು ಅಲ್ಲಿಯ ನದಿಗಳಿಗೆ ಬಿಟ್ಟರು. ಮುಂದೆ ಅವು ಎಷ್ಟು ಹೆಚ್ಚಿದವೆಂದರೆ ಮೀನು ಸಾಕುವವರು ದೂರು ಕೊಡತೊಡಗಿದರು, 1996ರಲ್ಲಿ ಮತ್ತೆ ಬೇಟೆಗೆ ಅನುಮತಿ ಕೊಡಬೇಕಾಯಿತು! ಅದು ಸರಿಯೋ ತಪ್ಪೋ, ನೀವು ಚರ್ಚೆ ಮಾಡಿ. ನನಗಂತೂ ಎರಡೂ ಕಡೆಯವರ ಮಾತು ಅರ್ಥವಾಗುತ್ತದೆ.

ಜೀವಂತ ಹಿಡಿಯಲು ದವಡೆಗೆ ರಬ್ಬರ್ ಹಚ್ಚಿದ ಬೋನು ಬಳಸುತ್ತಾರೆ. ಇಲ್ಲವೇ ತಂತಿಜಾಲರಿಯ ಸೂಟ್‌ಕೇಸ್ ತೆರೆದಿಟ್ಟಂತಿರುವ ಹ್ಯಾನ್‌ಕಾಕ್ ಬೋನು. ಪ್ರಾಣಿ ಬಂದೊಡನೆ ಅದು ಮಡಚಿಕೊಳ್ಳುತ್ತದೆ, ಕಾಲು ಮುರಿಯುವುದಿಲ್ಲ. 1970ರ ದಶಕದ ಕೊನೆಯಲ್ಲಿ ಇಡಾಹೋದಲ್ಲಿ ನೀರುನಾಯಿಗಳ ಓಡಾಟ ಅಧ್ಯಯನ ಮಾಡಿದವರು ಇದನ್ನೇ ಬಳಸಿದರು. ಹುಲಿಗೆ ರೇಡಿಯೊ ಕಾಲರ್ ಕಟ್ಟುವಂತೆ ಇದಕ್ಕೆ ಕಟ್ಟಲಾಗದು. ಯಾಕೆ ಹೇಳಿ? ಅದೇ ಕುತ್ತಿಗೆ. ಅದಕ್ಕೆ ಪಶುವೈದ್ಯರು ಅರಿವಳಿಕೆ ಕೊಟ್ಟು, ಸಣ್ಣ ರೇಡಿಯೊ ಸಾಧನವನ್ನು ಹೊಟ್ಟೆಯೊಳಗೇ ಇಟ್ಟು ಹೊಲಿಯುತ್ತಾರೆ.

ಇಲ್ಲಿ ಮತ್ತೆ ಕೋಟಿನ ಮಾತು ಬರುತ್ತದೆ. ಹಿಡಿದ ನೀರುನಾಯಿಗೆ ದೊಡ್ಡ ಅಪಾಯಗಳಲ್ಲೊಂದು ಬಿಸಿ. ಗಾಬರಿಯಿಂದ ಒದ್ದಾಡಿದಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ. ನೀರಿನಲ್ಲಿ ಶಾಖ ಉಳಿಸುವ ಆ ಕೋಟು ದಂಡೆಯ ಮೇಲೆ ಶಾಖ ಹೊರಗೆ ಬಿಡುವುದಿಲ್ಲ. ಅದಕ್ಕೆ ವೈದ್ಯರು ಮಂಜುಗಡ್ಡೆಯ ಚೀಲ ಪಕ್ಕದಲ್ಲಿಟ್ಟುಕೊಂಡು, ಮತ್ತೆ ಮತ್ತೆ ಜ್ವರ ನೋಡುತ್ತ ಕೆಲಸ ಮಾಡುತ್ತಾರೆ. ಬೇಸಿಗೆಯ ಬಿಸಿಲಲ್ಲಿ ಕಂಬಳಿ ಹೊದ್ದು ಕಬಡ್ಡಿ ಆಡಿದ ಹಾಗೆ ಅಂದುಕೊಳ್ಳಿ.

ನಮ್ಮ ದೇಶದಲ್ಲಿ ಇದನ್ನು ಯಾರು ಬೇಕಾದರೂ ಮಾಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ "ಬೇಟೆ" ಅನ್ನುವುದರಲ್ಲಿ ಕೊಲ್ಲುವುದನ್ನಷ್ಟೇ ಅಲ್ಲ, ಹಿಡಿಯುವುದು, ಉರುಲು ಹಾಕುವುದು, ಬೋನು ಇಡುವುದು, ಇವುಗಳಿಗೆ ಪ್ರಯತ್ನಿಸುವುದನ್ನೂ ಸೇರಿಸಿದೆ. ಅಂದರೆ ಬೋನಿಗೆ ಏನೂ ಬೀಳದಿದ್ದರೂ ಅಪರಾಧವೇ. ಸಂಶೋಧಕರಿಗೂ ಲಿಖಿತ ಅನುಮತಿ ಬೇಕು. 2019ರಲ್ಲಿ ನುಣುಪು ತುಪ್ಪಳದ್ದನ್ನೂ ಚಿಕ್ಕ ಉಗುರಿನದ್ದನ್ನೂ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿದರು, ದೇಶದಿಂದ ದೇಶಕ್ಕೆ ಅವುಗಳ ವಾಣಿಜ್ಯ ವ್ಯಾಪಾರಕ್ಕೆ ನಿಷೇಧ ಬಿತ್ತು.

ಹಾಗಾದರೆ ಹಿಡಿಯದೆ ಅವು ಇವೆಯೋ ಇಲ್ಲವೋ ತಿಳಿಯುವುದು ಹೇಗೆ? ಇವತ್ತು ಹೆಚ್ಚಾಗಿ ಬಳಸುವುದು ಕ್ಯಾಮೆರಾ ಟ್ರ್ಯಾಪ್. ಹೆಸರಿಗೆ ಬೋನು, ಹಿಡಿಯುವುದು ಫೋಟೊ ಮಾತ್ರ. ಅದನ್ನಿಡುವುದೂ ಬೇಟೆಗಾರ ಹುಡುಕುತ್ತಿದ್ದ ಜಾಗದಲ್ಲೇ, ಮಲ ಹಾಕುವ ಬಂಡೆಯ ಪಕ್ಕ! ಅದರಲ್ಲಿರುವ ಸಂವೇದಕ ಸುತ್ತಲಿನ ಜಾಗಕ್ಕಿಂತ ಬೆಚ್ಚಗಿರುವ ವಸ್ತು ಚಲಿಸಿದಾಗ ಎಚ್ಚರಗೊಂಡು ಫೋಟೊ ತೆಗೆಯುತ್ತದೆ. ಆದರೆ ನೀರುನಾಯಿ ನೀರಿನಿಂದ ಹತ್ತಿ ಬರುವಾಗ ಅನೇಕ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲ. ಒಳಗೆ ಮೈ ಬಿಸಿ ಇದ್ದರೂ ಒದ್ದೆಯಾದ ಹೊರಗೂದಲು ನದಿಯಷ್ಟೇ ತಣ್ಣಗಿರುತ್ತದೆ. ಅದೇ ಪ್ರಾಣಿ ಮೈ ಒಣಗಿಸಿಕೊಂಡು ನೀರಿಗೆ ಇಳಿಯುವಾಗ ಫೋಟೊ ಸಿಗುವ ಸಾಧ್ಯತೆ ಹೆಚ್ಚು. ಬೇಟೆಗಾರನನ್ನು ಕರೆತಂದ ಕೋಟು ಕ್ಯಾಮೆರಾದಿಂದ ಅದನ್ನು ಮುಚ್ಚಿಡುತ್ತದೆ. ನನಗೆ ಈ ವಿಷಯದಲ್ಲಿ ಬಹಳ ಖುಷಿ ಕೊಟ್ಟ ಸಂಗತಿ ಇದು.

ನೀರುನಾಯಿ ಕಣ್ಣಾರೆ ನೋಡಬೇಕೆಂದರೆ ತುಂಗಭದ್ರೆಗೆ ಹೋಗಬೇಕು. ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಹಂಪಿಯ ಬಂಡೆಗಳ ಸಂದಿಗಳು ಅವಕ್ಕೆ ಹೇಳಿ ಮಾಡಿಸಿದ ಮನೆ. ಅಲ್ಲಿಯ ತೊಂದರೆ ಈಗ ತೊಗಲಿಗಿಂತ ಬೇರೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು, ಬಲೆ ಹರಿದವೆಂದು ಮೀನುಗಾರರ ಸಿಟ್ಟು. ಬಡ ಮೀನುಗಾರನ ಬಲೆಗೆ ಬೆಲೆ ಇಲ್ಲವೆಂದು ನಾನು ಹೇಳಲಾರೆ. ಬಾಂಗ್ಲಾದೇಶದ ನರೈಲ್ ಕಡೆ ಮೀನುಗಾರರು ಪಳಗಿಸಿದ ನೀರುನಾಯಿಗಳಿಂದಲೇ ಮೀನುಗಳನ್ನು ಬಲೆಯತ್ತ ಅಟ್ಟಿಸುತ್ತಾರೆ, ಅದೂ ಒಂದು ಹೊಂದಾಣಿಕೆ.

ತುಂಗಭದ್ರೆ ಮುಂದೆ ಹರಿದು ಸಂಗಮೇಶ್ವರದಲ್ಲಿ ನಮ್ಮ ಕೃಷ್ಣೆಯನ್ನೇ ಸೇರುತ್ತದೆ. ಹಾಗಾಗಿ ಹುಡುಗನ ಅಜ್ಜನ ಮಾತು ಕೇಳಿದಾಗಿನಿಂದ ನಮ್ಮ ತರಗತಿಗೆ ಒಂದೇ ಪ್ರಶ್ನೆ: ಇಲ್ಲಿ ಈಗ ಇವೆಯಾ? ಪಂಚಗಂಗೆಯ ಕೊಳೆ ನೀರಿನಲ್ಲಿ ಮೀನು ಸತ್ತು ತೇಲಿದ ದಿನಗಳನ್ನು ನೀವೇ ನೋಡಿದ್ದೀರಿ. ಆ ನೀರು ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಮೀನಿಲ್ಲದ ಕಡೆ ನೀರುನಾಯಿ ನಿಲ್ಲುವುದಿಲ್ಲ.

ಬೋನಿನ ಸ್ಪ್ರಿಂಗ್ ಬಿಚ್ಚಿಸಿ ಪ್ರಯೋಗಾಲಯದ ಕಪಾಟಿನಲ್ಲಿಟ್ಟಿದ್ದೇವೆ. ಪೂರ ಇಳಿದು ದಂಡೆಯ ರಾಡಿ ಗಟ್ಟಿಯಾಗುವಾಗ ಹೆಜ್ಜೆ ನೋಡಲು ಒಳ್ಳೆಯ ಕಾಲ. ನಿಮ್ಮೂರಲ್ಲೂ ನದಿ ಇದ್ದರೆ ದೊಡ್ಡವರೊಬ್ಬರನ್ನು ಕರೆದುಕೊಂಡು ಹೋಗಿ ನೋಡಿ, ನೀರಿಗೆ ಮಾತ್ರ ಇಳಿಯಬೇಡಿ. ಬಂಡೆಯ ಮೇಲೆ ಮೀನಿನ ಪರೆ, ಮುಳ್ಳು ತುಂಬಿದ ಮಲ ಸಿಕ್ಕರೆ ಫೋಟೊ ತೆಗೆದುಕೊಳ್ಳಿ, ಅಳತೆಗೆ ಪಕ್ಕದಲ್ಲಿ ಪೆನ್ಸಿಲ್ ಇಡಿ. ಬೋನು, ಉರುಲು ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿಸಿ. ಹೆಜ್ಜೆ ಕಂಡರೆ ಬೆರಳು ಎಣಿಸಿ. ಊರನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳು ಮೂಡುತ್ತವೆ. ಐದು ಬೆರಳು, ನಡುವೆ ಪೊರೆಯ ಗುರುತು ಕಂಡರೆ ನಮ್ಮ ಶಾಲೆಗೆ ಬರೆದು ತಿಳಿಸಿ.