ಇಳಿವಯಸ್ಸಿನ ಸ್ನಾಯು ಮತ್ತು ನಿದ್ರಿಸುವ ಕಾಂಡಕೋಶ

ಅಂಬಿಕಾನಗರದ ನಾಗಝರಿ ವಿದ್ಯುದಾಗಾರದ ನಿರ್ಮಾಣಕ್ಕೆ ಬೆವರು ಸುರಿಸಿದ ತಲೆಮಾರು ಇಂದು ವೃದ್ಧಾಪ್ಯದಲ್ಲಿದೆ. ಅಂದು ಕಾಳಿ ಕಣಿವೆಯನ್ನು ಲೀಲಾಜಾಲವಾಗಿ ಹತ್ತಿಳಿದ ಕಾಲುಗಳಿಗೆ ಇಂದು ಮನೆಯ ಮೆಟ್ಟಿಲೂ ಭಾರ. ಒಮ್ಮೆ ಜಾರಿ ಬಿದ್ದರಂತೂ, ಇನ್ನು ಮಲಗಿಯೇ ಇರಲಿ ಎಂದು ಮನೆಯವರು ಅಕ್ಕರೆಯಿಂದಲೇ ನಿರ್ಧರಿಸುತ್ತಾರೆ. ಈ ಅಕ್ಕರೆ ಎಷ್ಟು ಹಿತಕರವೆಂಬುದನ್ನು ನಾವು ವಿಚಾರಿಸಬೇಕಾಗಿದೆ.

ಸ್ನಾಯುತಂತುಗಳ ಅಂಚಿಗೆ ಅಂಟಿಕೊಂಡ ಪುಟ್ಟ ಕೋಶಗಳನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿ, ಅವುಗಳಿಗೆ ಉಪಗ್ರಹ ಕೋಶಗಳೆಂದು ಹೆಸರಿಟ್ಟರು. ಇವೇ ಸ್ನಾಯುವಿನ ಕಾಂಡಕೋಶಗಳು. ಸಾಮಾನ್ಯವಾಗಿ ನಿದ್ರಾವಸ್ಥೆಯಲ್ಲಿರುವ ಇವು ಪೆಟ್ಟು ಬಿದ್ದಾಗ ಎಚ್ಚೆತ್ತು ವಿಭಜನೆಗೊಳ್ಳುತ್ತವೆ. ಕೆಲವು ಹರಿದ ತಂತುಗಳನ್ನು ಕೂಡಿ ದುರಸ್ತಿ ಮಾಡುತ್ತವೆ, ಕೆಲವು ಮುಂದಿನ ಅಗತ್ಯಕ್ಕೆಂದು ಮರಳಿ ನಿದ್ರಿಸುತ್ತವೆ. ಈ ನಿದ್ರೆಯ ಗುಟ್ಟನ್ನು ಡಾ. ಜ್ಯೋತ್ಸ್ನಾ ಧವನ್ ಅವರು ಹೈದರಾಬಾದಿನ ಸಿಸಿಎಂಬಿ ಹಾಗೂ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗಳಲ್ಲಿ ಅಧ್ಯಯನ ಮಾಡಿದ್ದಾರೆ.

ವಯಸ್ಸಾದಂತೆ ಈ ಕೋಶಗಳ ಸಂಖ್ಯೆ ಕುಗ್ಗುತ್ತದೆ. ಉಳಿದವು ಎಚ್ಚರಗೊಳ್ಳಲು ತಡಮಾಡುತ್ತವೆ. ಆದರೆ ದೋಷ ಕೋಶದ್ದಷ್ಟೇ ಅಲ್ಲ. 2005ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಮುದಿ ಇಲಿಯ ರಕ್ತಪರಿಚಲನೆಯನ್ನು ಎಳೆಯ ಇಲಿಯದರೊಂದಿಗೆ ಜೋಡಿಸಿದಾಗ, ಮುದಿ ಸ್ನಾಯುವಿನ ದುರಸ್ತಿ ಮತ್ತೆ ಚುರುಕಾಯಿತು. ಅಂದರೆ ಶಕ್ತಿ ಪೂರ್ತಿ ಅಳಿದಿರಲಿಲ್ಲ. ಎಚ್ಚರಿಸುವ ಕರೆ ಕ್ಷೀಣಿಸಿತ್ತು. ಇದು ಪ್ರಯೋಗವೇ ಹೊರತು ಚಿಕಿತ್ಸೆಯಲ್ಲ. ಮುಪ್ಪಿನ ಸ್ನಾಯುಕ್ಷಯಕ್ಕೆ ನಮ್ಮ ದೇಶದಲ್ಲಿ ಅನುಮೋದಿತ ಕಾಂಡಕೋಶ ಚಿಕಿತ್ಸೆಯಿಲ್ಲ. ಅಂತಹ ಚುಚ್ಚುಮದ್ದಿನ ಜಾಹೀರಾತುಗಳಿಗೆ ಭಕ್ತರು ಮರುಳಾಗಬಾರದು.

ನಮ್ಮ ಕೈಯಲ್ಲಿರುವ ಕರೆ ಚಲನೆ. 1990ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಅಧ್ಯಯನವೊಂದರಲ್ಲಿ, ಸರಾಸರಿ 90 ವರ್ಷದ ವೃದ್ಧರು 8 ವಾರ ಭಾರದ ವ್ಯಾಯಾಮ ಮಾಡಿದಾಗ ಅವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಇದಕ್ಕೆ ವ್ಯತಿರಿಕ್ತವಾಗಿ, ಹಾಸಿಗೆ ಹಿಡಿದ ವೃದ್ಧರ ಸ್ನಾಯು ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ.

ಆದ್ದರಿಂದ ಮೂಳೆ ಮುರಿದಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಅವರ ಸಲಹೆಯಂತೆ ಹಿರಿಯರನ್ನು ಬೇಗ ಎಬ್ಬಿಸಿ ನಡೆಸಬೇಕು. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ದಿನವೂ ಹತ್ತಾರು ಬಾರಿ ಮಾಡಿಸಬೇಕು. ಹಾಲು, ಮೊಸರು, ಹೆಸರು, ಹುರುಳಿ, ಶೇಂಗಾಗಳಿಂದ ದೇಹತೂಕದ ಪ್ರತಿ ಕಿಲೋಗೆ ಸುಮಾರು 1 ಗ್ರಾಂ ಪ್ರೋಟೀನು ಒದಗಬೇಕು. ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಮನೆಯ ಸಣ್ಣಪುಟ್ಟ ಕಾಯಕವನ್ನು ಹಿರಿಯರ ಕೈಯಿಂದ ಕಸಿಯದಿರುವುದೂ ನಾವು ಅವರಿಗೆ ಸಲ್ಲಿಸುವ ಸೇವೆಯೇ.